ಹತಾರಕ್ಕೊಂದು ಜಾಗ: ಇಟ್ಟಿಗೆ ಗೋಡೆಗೆ ಹಲಗೆ ಕೂರಿಸುವ ಬಗೆ

ಅಡಿಕೆ ತೋಟ ಇರಲಿ, ಈರುಳ್ಳಿ ಹೊಲ ಇರಲಿ, ಕೆಲಸಕ್ಕೆ ಬಂದವರ ಬೆಳಗಿನ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಅಣ್ಣಾ, ಗುದ್ಲಿ ಎಲ್ಲೈತೆ?" ಪಂಪ್‌ಹೌಸಿನ ಮೂಲೆ, ಮನೆ ಹಿತ್ತಿಲು, ನಿನ್ನೆ ಕೆಲಸ ನಿಂತ ಸಾಲು ಎಲ್ಲಾ ಹುಡುಕಿ ಮುಗಿಯೋ ಹೊತ್ತಿಗೆ ತಂಪು ಹೊತ್ತು ಕಳೆದಿರುತ್ತದೆ. ಕೂಲಿ ಆಳು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ.

ಅದಕ್ಕಿಂತ ದೊಡ್ಡದು ಅಪಾಯ. ಹುಲ್ಲಿನಲ್ಲಿ ಮರೆತ ಕುಡುಗೋಲು ಕಾಲು ಸೀಳುತ್ತದೆ. ಧನುರ್ವಾಯು ತರುವ ರೋಗಾಣು ಮಣ್ಣು, ಸಗಣಿಯಲ್ಲೇ ಇರುತ್ತದೆ. ಹಾಗಾಗಿ ತೋಟದ ಗಾಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗೋಡೆ ಮೇಲೆ ಪ್ರತಿ ಹತಾರಕ್ಕೂ ಗುರುತಿನ ಜಾಗ ಇದ್ದರೆ, ಯಾವುದು ವಾಪಸ್ ಬಂದಿಲ್ಲ ಎಂಬುದು ಸಂಜೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹಲಗೆಯ ನಿಜವಾದ ಉಪಯೋಗ ಇದೇ.

ಮೊದಲು ಗೋಡೆ ನೋಡಿ

ಕಡೂರು, ತರೀಕೆರೆ, ಅಜ್ಜಂಪುರ ಅಕ್ಕಪಕ್ಕದ ತಾಲ್ಲೂಕುಗಳು. ಅಜ್ಜಂಪುರ ಮೊನ್ನೆ ಮೊನ್ನೆಯವರೆಗೂ ತರೀಕೆರೆಗೇ ಸೇರಿತ್ತು. ಆದರೆ ಮೂರೂ ಕಡೆ ಗೋಡೆಯ ಗುಣ ಒಂದೇ ಅಲ್ಲ.

ಕಡೂರು ಮಳೆ ನೆರಳಿನ ಪ್ರದೇಶ. ಇಲ್ಲಿ ತೇವಕ್ಕಿಂತ ಗೆದ್ದಲಿನ ಕಾಟ ಜಾಸ್ತಿ. ಹಲಗೆಯ ಕೆಳ ಅಂಚು ನೆಲದಿಂದ ಎರಡು ಅಡಿಯಾದರೂ ಮೇಲಿರಲಿ. ಗೋಡೆ ಮೇಲೆ ಗೆದ್ದಲಿನ ಮಣ್ಣಿನ ದಾರಿ ಕಂಡರೆ ಆಗಲೇ ಕೆರೆದು ತೆಗೆಯಿರಿ.

ತರೀಕೆರೆಯಲ್ಲಿ ಬೆಟ್ಟದ ಮಗ್ಗುಲಿಗೆ, ಅಡಿಕೆ ತೋಟದೊಳಗೆ ಕಟ್ಟಿದ ಶೆಡ್ಡಿನ ಗೋಡೆ ಮಳೆಗಾಲವಿಡೀ ಬೆವರುತ್ತದೆ. ಹಲಗೆಯನ್ನು ಗೋಡೆಗೆ ಅಂಟಿಸಿದಂತೆ ಹೊಡೆದರೆ ಹಿಂದೆ ಬೂಸ್ಟು, ಮುಂದೆ ತುಕ್ಕು. ನಡುವೆ ಒಂದು ಇಂಚು ಗಾಳಿ ಆಡಬೇಕು.

ಅಜ್ಜಂಪುರದ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಜೊತೆ ಗೋಡೆಯೂ ಬಿರುಕು ಬಿಡುತ್ತದೆ. ಬಿರುಕಿನ ಎರಡೂ ಬದಿಗೆ ಸೇರಿಸಿ ಒಂದೇ ಹಲಗೆ ಹೊಡೀಬೇಡಿ. ಇಂಥ ಕಡೆ ರೀಪರ್‌ಗಳನ್ನು ನೆಲದವರೆಗೆ ಇಳಿಸಿ ಚಪ್ಪಡಿ ಕಲ್ಲಿನ ತುಂಡಿನ ಮೇಲೆ ನಿಲ್ಲಿಸಿ. ಭಾರವನ್ನು ನೆಲ ಹೊರುತ್ತದೆ, ಗೋಡೆ ಆನಿಕೆಗೆ ಮಾತ್ರ.

ಹಲಗೆ ಯಾವುದು?

ಪ್ಲೈವುಡ್ ಕೊಳ್ಳುವುದಾದರೆ 18 ಮಿಮೀ ದಪ್ಪದ್ದು, ನೀರು ತಡೆಯುವ ಐಎಸ್ 710 ಗುರುತಿನದು ಒಳ್ಳೆಯದು. 8×4 ಅಡಿ ಹಾಳೆಯ ಅರ್ಧ, ಅಂದರೆ 4×4 ಅಡಿ, ಒಂದು ಸಂಸಾರದ ತೋಟಕ್ಕೆ ಸಾಕು. ಕತ್ತರಿಸಿದ ಅಂಚಿಗೆ ಬಣ್ಣ ಹೊಡೆಯಲೇಬೇಕು, ನೀರು ಕುಡಿಯುವುದು ಅಲ್ಲಿಂದಲೇ.

ನನ್ನ ಶೆಡ್ಡಿನಲ್ಲಿರುವುದು ಅಡಿಕೆ ದಬ್ಬೆ. ಬಲಿತ ಮರದ ದಬ್ಬೆಯನ್ನು ಚೆನ್ನಾಗಿ ಒಣಗಿಸಿ, ಒಳಗಿನ ಮೆದು ಭಾಗ ಕೆತ್ತಿ ತೆಗೆದು, ರೀಪರ್ ಮೇಲೆ ಅಡ್ಡಡ್ಡ ಹೊಡೆದಿದ್ದೇನೆ. ಎರಡು ದಬ್ಬೆ ನಡುವಿನ ಸಂದಿನಲ್ಲಿ ಕೊಕ್ಕೆ ಸಿಕ್ಕಿಸಬಹುದು, ಬೇಕೆಂದಾಗ ಜಾಗ ಬದಲಿಸಬಹುದು. ಗಾಳಿಯೂ ಆಡುತ್ತದೆ. ಗೆದ್ದಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬಹುದು, ಆದರೆ ಅದು ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ.

ಕೂರಿಸುವ ಕ್ರಮ

1. ಪಂಪ್‌ಹೌಸಿನ ಗೋಡೆಯಾದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಡ್ರಿಲ್‌ಗೆ ಬೇರೆ ಕಡೆಯಿಂದ ಕರೆಂಟ್ ತನ್ನಿ, ಇಲ್ಲವೇ ಬ್ಯಾಟರಿ ಡ್ರಿಲ್ ಬಳಸಿ. ಸ್ಟಾರ್ಟರ್, ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕದಲ್ಲಿ ತೂತು ಬೇಡ.

2. ನಾಲ್ಕು ಅಡಿ ಅಗಲದ ಹಲಗೆಗೆ ಎರಡಡಿ ಅಂತರದಲ್ಲಿ ಮೂರು ರೀಪರ್ ನೆಟ್ಟಗೆ ನಿಲ್ಲಬೇಕು. ರೀಪರ್ 2×1 ಇಂಚಿನದು ಇರಲಿ, ಒಂದಿಂಚಿನ ದಪ್ಪವೇ ಗಾಳಿಯ ಸಂದು. ಒಂದೊಂದಕ್ಕೂ ನಾಲ್ಕು ಸ್ಕ್ರೂ.

3. ತೂತು ಇಟ್ಟಿಗೆಯ ನಡುವೆ ಬೀಳಲಿ. ಹಳೇ ಶೆಡ್ಡುಗಳಲ್ಲಿ ಇಟ್ಟಿಗೆ ಸಂದಿಗೆ ಮಣ್ಣೇ ಗಾರೆ, ಅಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಪ್ಲಾಸ್ಟರ್ ಇದ್ದರೆ ಡ್ರಿಲ್ಲೇ ಹೇಳುತ್ತದೆ: ಒಂದೇ ಸಮ ತಡೆ ಸಿಕ್ಕರೆ ಇಟ್ಟಿಗೆ, ಸರಕ್ಕನೆ ಒಳಗೆ ಜಾರಿದರೆ ಸಂದು.

4. ನಾಟಿ ಇಟ್ಟಿಗೆ ಮೆದು. ಡ್ರಿಲ್ಲನ್ನು ಹ್ಯಾಮರ್‌ಗೆ ಹಾಕದೆ ಬರೀ ತಿರುಗುವಂತೆ ಶುರು ಮಾಡಿ. ಹ್ಯಾಮರ್ ಹಾಕಿದರೆ ತೂತು ಅಗಲವಾಗಿ ಪ್ಲಗ್ ಸಡಿಲವಾಗುತ್ತದೆ.

5. 8 ಮಿಮೀ ತೂತು, 8 ಮಿಮೀ ರಾಲ್ ಪ್ಲಗ್, 5 ಮಿಮೀ ದಪ್ಪದ ಸ್ಕ್ರೂ. ಪ್ಲಗ್ ಪೂರ್ತಿ ಇಟ್ಟಿಗೆಯೊಳಗೆ ಹೋಗಬೇಕು, ಪ್ಲಾಸ್ಟರ್‌ನಲ್ಲಿ ನಿಂತರೆ ಪ್ರಯೋಜನವಿಲ್ಲ. ಬರೀ ಇಟ್ಟಿಗೆ ಗೋಡೆಗೆ 3 ಇಂಚಿನ ಸ್ಕ್ರೂ, ಪ್ಲಾಸ್ಟರ್ ಗೋಡೆಗೆ 3.5 ಇಂಚಿನದು.

6. ಪ್ಲಗ್ ಹಾಕುವ ಮುನ್ನ ಸೈಕಲ್ ಪಂಪಿನಿಂದ ತೂತಿನ ಪುಡಿ ಊದಿ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಹಿಡಿಯುವುದಿಲ್ಲ.

7. ರೀಪರ್ ಮೇಲೆ ಹಲಗೆ ಕೂರಿಸಿ ಎರಡೂ ಕೈಯಿಂದ ಜೋರಾಗಿ ಕೆಳಗೆ ಎಳೆದು ನೋಡಿ. ಅಲುಗಿದರೆ ಆ ಸ್ಕ್ರೂ ಬಿಚ್ಚಿ ಪಕ್ಕದ ಇಟ್ಟಿಗೆಗೆ ಹಾಕಿ.

ಯಾವುದು ಎಲ್ಲಿ?

ಹಾರೆ ಗೋಡೆಗೆ ಬೇಡ. ಅದನ್ನು ಮೂಲೆಯಲ್ಲಿ, ನೆಲಕ್ಕೆ ಹುಗಿದ ಪೈಪಿನ ತುಂಡಿನಲ್ಲಿ ನಿಲ್ಲಿಸಿ. ಗುದ್ದಲಿ, ಸನಿಕೆ, ಪಿಕಾಸಿ ರೀಪರ್ ಇರುವ ಸಾಲಿನಲ್ಲೇ ತೂಗಲಿ. ಅಲ್ಲಿ ಸ್ಕ್ರೂ ಹಲಗೆ ದಾಟಿ ರೀಪರ್ ಹಿಡಿಯುತ್ತದೆ.

ಕುಡುಗೋಲು, ಮಚ್ಚು ಮಕ್ಕಳ ಕೈಗೆ ಎಟುಕದಂತೆ ಐದಡಿಗಿಂತ ಮೇಲೆ, ಅಲಗು ಗೋಡೆ ಕಡೆಗೆ. ಹಳೇ ಹೋಸ್ ಪೈಪ್ ಸೀಳಿ ಅಲಗಿಗೆ ತೊಡಿಸಿದರೆ ಇನ್ನೂ ಕ್ಷೇಮ. ಸಿಕೇಚರ್, ಕಸಿ ಚಾಕುವಿಗೆ ಬೇರೆ ಸಾಲು ಮಾಡಿ, ಪಕ್ಕದಲ್ಲೇ ಸ್ಪಿರಿಟ್ ಸೀಸೆ, ಬಟ್ಟೆ ಇಡಿ. ರೋಗದ ಗಿಡ ಕತ್ತರಿಸಿದ ಅಲಗನ್ನು ಒರೆಸದೆ ಮುಂದಿನ ಗಿಡಕ್ಕೆ ಹಾಕಿದರೆ ರೋಗವನ್ನು ನಾವೇ ಹೊತ್ತು ಹಾಕಿದಂತೆ.

ಎಲ್ಲ ತೂಗು ಹಾಕಿದ ಮೇಲೆ ಒಂದೊಂದರ ಸುತ್ತಲೂ ಬಣ್ಣದಲ್ಲಿ ಆಕಾರ ಬರೆಯಿರಿ. ಓದು ಬಾರದವರಿಗೂ ಜಾಗ ತಿಳಿಯುತ್ತದೆ.

ಸಾವಯವದವರಿಗೆ ಒಂದು ಮಾತು

ನಮ್ಮ ಕಡೆ ಸ್ಪ್ರೇ ಕ್ಯಾನ್ ಕೈಗಡ ಕೊಟ್ಟು ತರುವುದು ರೂಢಿ. ಕಳೆನಾಶಕ ಹೊಡೆದ ಕ್ಯಾನಿನಲ್ಲಿ ಜೀವಾಮೃತ ಸಿಂಪಡಿಸಿದರೆ ತಳದಲ್ಲಿ ಉಳಿದ ವಿಷ ತರಕಾರಿಗೆ ಹೋಗುತ್ತದೆ. ಗಿಡ ಸುಡಬಹುದು, ಪ್ರಮಾಣಪತ್ರಕ್ಕೂ ಕುತ್ತು ಬರಬಹುದು. ನಮ್ಮ ಕ್ಯಾನಿಗೆ ಹಸಿರು ಬಣ್ಣದ ಪಟ್ಟಿ ಸುತ್ತಿ ಬೇರೆ ಕೊಕ್ಕೆ ಕೊಡಿ. ಅದನ್ನು ಯಾರಿಗೂ ಕೊಡಬೇಡಿ, ಬೇರೆಯವರದ್ದನ್ನು ಅಲ್ಲಿ ತೂಗಬೇಡಿ.

ತುಕ್ಕು ತಡೆಯಲು ಹಳೇ ಎಂಜಿನ್ ಆಯಿಲ್ ಬಳಿಯುವವರಿದ್ದಾರೆ. ಅದು ಮರುದಿನ ಮಣ್ಣಿಗೇ ಹೋಗುತ್ತದೆ. ಬದಲಿಗೆ ಬಕೆಟ್ ಮರಳಿಗೆ ಸ್ವಲ್ಪ ಹೊಂಗೆ ಎಣ್ಣೆ ಕಲಸಿ ಹಲಗೆ ಕೆಳಗಿಡಿ. ಮಣ್ಣು ಕೆರೆದ ಗುದ್ದಲಿಯನ್ನು ನಾಲ್ಕು ಸಲ ಅದರಲ್ಲಿ ಚುಚ್ಚಿ ತೂಗು ಹಾಕಿದರೆ ಆಯಿತು. ಮರದ ಹಿಡಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸಾಕು.

ಈ ಕೆಲಸ ಮಳೆ ಹಿಡಿಯುವ ಮೊದಲು, ಗೋಡೆ ಒಣಗಿದ್ದಾಗಲೇ ಮಾಡಿ. ಮೊದಲ ಮಳೆಗಾಲ ಕಳೆದ ಮೇಲೆ ಎಲ್ಲ ಸ್ಕ್ರೂ ಒಮ್ಮೆ ಬಿಗಿ ಮಾಡಿ.

ಮುಂದಿನ ವಾರ: ಕುಡುಗೋಲು, ಸಿಕೇಚರ್ ಮನೆಯಲ್ಲೇ ಹರಿತ ಮಾಡುವುದು ಹೇಗೆ?