ಪುಸ್ತಕದ ನೀರು, ಬೋರಿನ ನೀರು

ಪ್ರೌಢಶಾಲೆಯ ಪ್ರಯೋಗ ಪುಸ್ತಕ ಎಂದರೆ ಐದು ತಲೆಬರಹಗಳ ಶಾಸ್ತ್ರ: ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ನಿರ್ಣಯ. ಜಾಣ ಹುಡುಗನೊಬ್ಬ ಗೈಡು ನೋಡಿ ಬರೆದದ್ದನ್ನು ಉಳಿದವರು ನಕಲು ಮಾಡುವುದುಂಟು. ತಿದ್ದುವ ಮೇಷ್ಟರಿಗೂ ಅದೇ ಸಲೀಸು.

2009ರಲ್ಲಿ ಶಿಡ್ಲಘಟ್ಟದ ಕಡೆಯ ಶಾಲೆಯೊಂದರಲ್ಲಿದ್ದೆ. ಗಡಸು ನೀರಿನ ಪ್ರಯೋಗ. ಕುದಿಸಿದ ನೀರಿಗೆ ಸೋಪಿನ ದ್ರಾವಣ ಹಾಕಿ ಕುಲುಕಿದರೆ ನೊರೆ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ, 'ಕುದಿಸಿದ ಮೇಲೂ ನೊರೆ ಹೆಚ್ಚಲಿಲ್ಲ' ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಗೀಟೆಳೆದು 'ಹೆಚ್ಚಿತು' ಎಂದು ತಿದ್ದಿದೆ.

ಮರುದಿನ ಬಂದು ನಿಂತಳು. ''ಸಾರ್, ನಾನು ನಮ್ಮೂರ ಬೋರಿನ ನೀರು ತಂದು ಮಾಡಿದ್ದೆ. ಬರಲಿಲ್ಲ, ಅದಕ್ಕೇ ಹಾಗೆ ಬರೆದೆ.''

''ನಾಳೆ ಒಂದು ಬಾಟಲಿ ತಾರಮ್ಮ, ನೋಡೋಣ'' ಎಂದೆ. ತಂದಳು. ನಾನೇ ಮಾಡಿದೆ. ನೊರೆ ಹೆಚ್ಚಲಿಲ್ಲ! ಚಿಟಿಕೆ ವಾಷಿಂಗ್ ಸೋಡಾ ಹಾಕಿದ ಮೇಲಷ್ಟೇ ನೊರೆ ಎದ್ದಿತು.

ಕಾರಣ ಸರಳ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ತಾತ್ಕಾಲಿಕ, ಕುದಿಸಿದರೆ ಹೋಗುತ್ತದೆ. ಅವುಗಳ ಕ್ಲೋರೈಡು, ಸಲ್ಫೇಟುಗಳಿಂದ ಬಂದದ್ದು ಶಾಶ್ವತ, ಕುದಿತಕ್ಕೆ ಬಗ್ಗುವುದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಯಲ್ಲಿ, ಚಿಕ್ಕಬಳ್ಳಾಪುರವಾಗಲಿ ಚಿಂತಾಮಣಿಯಾಗಲಿ, ಎಷ್ಟೋ ಬೋರುಗಳು ಸಾವಿರ ಅಡಿ ದಾಟಿವೆ. ಆಳದ ಬಂಡೆಗಳ ನಡುವೆ ನಿಂತ ನೀರು ಲವಣ ಕರಗಿಸಿಕೊಂಡೇ ಮೇಲೆ ಬರುತ್ತದೆ. ಊರಿಂದೂರಿಗೆ ಅದರ ಗುಣ ಬೇರೆ. ಗೈಡು ಬರೆದವರು ಆ ಹುಡುಗಿಯ ಊರಿನ ಬೋರನ್ನು ಕಂಡವರಲ್ಲ.

ಶಿಡ್ಲಘಟ್ಟದ ರೀಲರುಗಳಿಗೆ ಈ ಮಾತು ಹೊಸದಲ್ಲ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಗಳನ್ನು ಹಿಡಿದಿರುವ ಸೆರಿಸಿನ್ ಎಂಬ ಅಂಟನ್ನು ಮೆದುವಾಗಿಸಿದರೆ ತಾನೆ ನೂಲು ಬಿಚ್ಚುವುದು? ನೀರು ಕೆಟ್ಟರೆ ರೇಷ್ಮೆಯೂ ಕೆಟ್ಟಿತು.

ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಒಂದೇ ಅಳತೆಯ ಮೂರು ಸೀಸೆಗಳಲ್ಲಿ ಮಳೆನೀರು, ಬೋರಿನ ನೀರು, ಹತ್ತು ನಿಮಿಷ ಕುದಿಸಿ ಆರಿಸಿ ಸೋಸಿದ ಬೋರಿನ ನೀರನ್ನು ಸಮನಾಗಿ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಸೋಪಿನ ದ್ರಾವಣ 10 ಹನಿ ಹಾಕಿ ಕುಲುಕಿ, ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಸ್ನಾನದ ಸೋಪೇ ಆಗಬೇಕು. ಡಿಟರ್ಜೆಂಟ್ ಪುಡಿ ಗಡಸು ನೀರಿನಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ. ನೆನಪಿಡಿ: ಈ ಪರೀಕ್ಷೆ ಗಡಸುತನವನ್ನಷ್ಟೇ ತೋರಿಸುತ್ತದೆ. ನಮ್ಮ ಕಡೆಯ ಇನ್ನೊಂದು ಪಿಡುಗಾದ ಫ್ಲೋರೈಡನ್ನು ತಿಳಿಯಲು ಪ್ರಯೋಗಾಲಯಕ್ಕೇ ನೀರು ಕೊಡಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತಶಾಸ್ತ್ರದ ಮೇಷ್ಟರು ಡಾ. ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಬದುಕಿನುದ್ದಕ್ಕೂ ಹೇಳಿದವರು. ಆ ನೆಲದ ಪಕ್ಕದಲ್ಲೇ ಇದ್ದು, ಕಣ್ಣಾರೆ ಕಂಡದ್ದನ್ನು ಬರೆದ ಮಗುವಿಗೆ ನಾನು ತಪ್ಪು ಹಾಕಿದ್ದೆ.

ಆ ಪುಟದಲ್ಲಿ ನನ್ನ ತಿದ್ದುಪಡಿಯ ಮೇಲೆ ನಾನೇ ಗೀಟೆಳೆದು, ಅವಳ ವಾಕ್ಯದ ಪಕ್ಕದಲ್ಲಿ 'ಸರಿ' ಎಂದು ಬರೆದು ಸಹಿ ಹಾಕಿದೆ. ಅಂದಿನಿಂದ ನನ್ನ ತರಗತಿಯಲ್ಲಿ ಒಂದೇ ನಿಯಮ: 'ವೀಕ್ಷಣೆ' ಬರೆದು ಮುಗಿಯುವ ತನಕ ಯಾರೂ ಗೈಡು ತೆರೆಯುವಂತಿಲ್ಲ, ಮೇಷ್ಟರೂ ಸೇರಿ.