ಬಿಸಿಲಿಗೆ ನಿಲ್ಲಿಸಿದ್ರೆ ಚಾಲೂ ಆಗೋ ಬೈಕು

ಪುಷ್ಯ ಮಳೆ ಹಿಡಿದಿದ್ದ ವಾರ, ನಂಗೆ ಇಂಟರ್ನಲ್ಸ್. ಬ್ಯಾಡಗಿ ಹತ್ತಿರದ ನಮ್ಮೂರಿಂದ ಅಪ್ಪನ ಬೈಕಲ್ಲಿ ಹೊರಟು, ಮೋಟೆಬೆನ್ನೂರಲ್ಲಿ ಹೈವೇ ಹತ್ತಿ ಹಾವೇರಿ ಕಡೆ ಬರ್ತಿದ್ದೆ. ಎಕ್ಸಲರೇಟರ್ ಕೊಟ್ಟಾಗೆಲ್ಲ ಬೈಕು ಮಿಸ್ಸಿಂಗ್ ಹೊಡೀತಿತ್ತು, ಆಮೇಲೆ ಒಮ್ಮೆಲೇ ಆಫ್ ಆಯ್ತು. ಹಿಂದೆ ಬರ್ತಿದ್ದ ಲಾರಿ ಒಂದು ಮೊಳ ದೂರದಲ್ಲಿ ಹಾದು ಹೋಯ್ತು. ಪರೀಕ್ಷೆಗೆ ಮುಕ್ಕಾಲು ಗಂಟೆ ಲೇಟ್. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಬೇಡಿ. ಆ ಲಾರಿಯ ಹಾರನ್ ಮಾತ್ರ ಇನ್ನೂ ಕಿವೀಲಿದೆ.

ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ಒಂದೇ ಕಿಕ್‌ಗೆ ಬೈಕು ಚಾಲೂ! ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಅಣ್ಣ ಒಂದು ರೌಂಡ್ ಹೊಡೆದು ಬಂದು, "ಎಲ್ಲಾ ಬರೋಬ್ಬರಿ ಐತಲ್ಲೋ ತಮ್ಮಾ" ಅಂದ್ರು. ಆದ್ರೂ ಇರಲಿ ಅಂತ ಪ್ಲಗ್ ಬದಲಾಯಿಸಿದ್ರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ, ಆಗ ಕಾರ್ಬುರೇಟರ್ ಕ್ಲೀನ್ ಆಯ್ತು. ಮೂರನೇ ಸಲ ಸಿಡಿಐ ಬದಲಾಯಿಸೋಣ ಅನ್ನೋ ಮಾತು ಬಂದಾಗ ಅಪ್ಪ ನನ್ನ ಮುಖ ನೋಡಿದ್ರು. "ಇಂಜಿನಿಯರಿಂಗ್ ಓದಾಕತ್ತೀಯಲ್ಲ, ನೀನ ಒಂದೀಟು ನೋಡು." ಡೇರಿಗೆ ಹಾಲು ಒಯ್ಯೋಕೂ, ಗೋವಿನಜೋಳಕ್ಕೆ ಯೂರಿಯಾ ತರೋಕೂ ನಮ್ಮನೇಲಿ ಇರೋದು ಅದೊಂದೇ ಬೈಕು.

ಯೋಚನೆ ಮಾಡಿದ್ರೆ ನಾವು ಮಾಡ್ತಿದ್ದ ತಪ್ಪು ತುಂಬ ಸಿಂಪಲ್. ಬೈಕು ಒದ್ದೆ ಇದ್ದಾಗ ಕೆಡ್ತಿತ್ತು, ನಾವು ಒಣಗಿದ ಮೇಲೆ ರಿಪೇರಿಗೆ ಒಯ್ತಿದ್ವಿ. ಒಣಗಿದ ಬೈಕಲ್ಲಿ ಹುಡುಕೋಕೆ ಏನೂ ಇರ್ತಿರಲಿಲ್ಲ. ಏನೇ ಪಾರ್ಟ್ ಬದಲಾಯಿಸಿದ್ರೂ "ಸರಿ ಹೋಯ್ತು" ಅನ್ನಿಸ್ತಿತ್ತು, ಯಾಕಂದ್ರೆ ಸರಿ ಮಾಡಿದ್ದು ಬಿಸಿಲು.

ನೀರು ಬಿದ್ರೆ ಇಂಜಿನ್ ಯಾಕೆ ನಿಲ್ಲಬೇಕು? ತೀರಾ ಶುದ್ಧವಾದ ನೀರಲ್ಲಿ ಕರೆಂಟ್ ಹರಿಯೋದು ಬಹಳ ಕಡಿಮೆ. ರಸ್ತೆ ಮೇಲಿನ ಕೆಂಪು ನೀರಲ್ಲಿ ಮಣ್ಣಿನ ಲವಣ ಕರಗಿರುತ್ತೆ, ಅದರಲ್ಲಿ ಚೆನ್ನಾಗೇ ಹರಿಯುತ್ತೆ. ಇಗ್ನಿಷನ್ ಕಾಯಿಲ್ ಅಂದ್ರೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್. ಅದರಿಂದ ಸ್ಪಾರ್ಕ್ ಪ್ಲಗ್‌ಗೆ ಹೋಗೋ ದಪ್ಪ ವೈರಲ್ಲಿ ವೋಲ್ಟೇಜ್ 10,000 ದಾಟುತ್ತೆ. ಪ್ಲಗ್ಗಿನ ಗ್ಯಾಪ್ 1 ಮಿಲಿಮೀಟರ್‌ಗಿಂತ ಕಡಿಮೆಯೇ, ಆದ್ರೆ ಅದು ಇರೋದು ಸಿಲಿಂಡರ್ ಒಳಗೆ, ಒತ್ತಿದ ಗಾಳಿಯಲ್ಲಿ. ಗಾಳಿ ಒತ್ತಿದಷ್ಟೂ ಸ್ಪಾರ್ಕ್ ಹಾರೋಕೆ ಹೆಚ್ಚು ವೋಲ್ಟೇಜ್ ಬೇಕು. ಎಕ್ಸಲರೇಟರ್ ತಿರುವಿದ್ರೆ ಸಿಲಿಂಡರ್ ಒಳಗೆ ಇನ್ನಷ್ಟು ಗಾಳಿ ಹೋಗಿ ಒತ್ತಡ ಇನ್ನೂ ಏರುತ್ತೆ. ಅದೇ ಹೊತ್ತಿಗೆ ಹೊರಗಡೆ ಪ್ಲಗ್ ಕ್ಯಾಪಿನ ಬಿರುಕಲ್ಲಿ ಒಂದು ಒದ್ದೆ ದಾರಿ ಇದ್ರೆ, ಕರೆಂಟ್ ಗ್ಯಾಪ್ ಬಿಟ್ಟು ಆ ದಾರಿ ಹಿಡಿದು ಇಂಜಿನ್ ಬಾಡಿಗೆ ಇಳಿದುಬಿಡುತ್ತೆ. ನ್ಯೂಟ್ರಲ್‌ನಲ್ಲಿ ನೆಟ್ಟಗೆ ಓಡೋ ಬೈಕು ಏರಿನಲ್ಲಿ ಯಾಕೆ ಮಿಸ್ಸಿಂಗ್ ಹೊಡೀತಿತ್ತು ಅಂತ ನಂಗೆ ಗೊತ್ತಾಗಿದ್ದು ಇಲ್ಲಿ. ಗ್ಯಾರೇಜಲ್ಲಿ ಪ್ಲಗ್ ಬಿಚ್ಚಿ "ಸ್ಪಾರ್ಕ್ ಚಲೋ ಐತಿ" ಅಂದಿದ್ದೂ ಸುಳ್ಳಲ್ಲ. ಹೊರಗಿನ ಗಾಳಿಯಲ್ಲಿ ಒತ್ತಡ ಇಲ್ಲವಲ್ಲ, ಸ್ಪಾರ್ಕ್ ಸಲೀಸಾಗಿ ಹಾರುತ್ತೆ.

ಒಂದು ರಾತ್ರಿ ಮನೆ ಹಿತ್ತಲಲ್ಲಿ ಲೈಟ್ ಆರಿಸಿ ಬೈಕು ಚಾಲೂ ಮಾಡಿದೆ. ಅಮ್ಮ ಇಸ್ತ್ರಿಗೆ ನೀರು ಹೊಡೆಯೋ ಸ್ಪ್ರೇ ಬಾಟಲಿಗೆ ಒಂದು ಚಿಟಿಕೆ ಉಪ್ಪು ಹಾಕಿ, ದೂರದಿಂದ ಪ್ಲಗ್ ಕ್ಯಾಪಿಗೆ ಸ್ವಲ್ಪ ಹೊಡೆದೆ. ಟಿಕ್ ಟಿಕ್ ಅಂತ ಸದ್ದು, ಕ್ಯಾಪಿನಿಂದ ಇಂಜಿನ್‌ಗೆ ನೀಲಿ ಗೆರೆ, ಬೈಕು ಬಂದ್! ಎರಡು ತಿಂಗಳಿಂದ ಕಾಡ್ತಿದ್ದ ರೋಗ ಕಣ್ಣಿಗೆ ಕಂಡಿತ್ತು. (ಇದನ್ನ ಮಾಡೋದಾದ್ರೆ ಪೆಟ್ರೋಲ್ ಸೋರ್ತಿಲ್ಲ ಅಂತ ಮೊದಲು ನೋಡ್ಕೊಳ್ಳಿ. ಬೈಕು ಓಡ್ತಿರುವಾಗ ಕ್ಯಾಪ್ ಮುಟ್ಟಬೇಡಿ, ನಾನು ಮುಟ್ಟಿದ್ದೆ, ಮೊಣಕೈವರೆಗೆ ಝುಮ್ ಅಂತು. ಪರೀಕ್ಷೆ ಮುಗಿದ ಮೇಲೆ ಉಪ್ಪುನೀರನ್ನ ಒಳ್ಳೆ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ.)

ಕ್ಯಾಪಿನ ರಬ್ಬರ್ ಒಣಗಿ ಸೀಳಿತ್ತು, ಒಳಗೆ ಕೂದಲೆಳೆಯಂಥ ಕಪ್ಪು ಗೆರೆ. ಸ್ಪಾರ್ಕ್ ಒಮ್ಮೆ ಅಡ್ಡದಾರಿ ಹಿಡಿದ್ರೆ ಅಲ್ಲಿ ಕಾರ್ಬನ್ ಉಳಿಯುತ್ತೆ, ಆಮೇಲೆ ಅಷ್ಟು ನೀರೂ ಬೇಕಾಗಲ್ಲ, ಇಬ್ಬನಿ ಸಾಕು. ಒರೆಸಿದ್ರೆ ಅದು ಹೋಗಲ್ಲ. ನಮ್ಮ ಬೈಕಲ್ಲಿ ಕ್ಯಾಪ್ ವೈರಿಗೆ ಸ್ಕ್ರೂ ಥರ ತಿರುಗಿ ಕೂರುತ್ತೆ. ವೈರಿನ ತುದಿಯನ್ನ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ಕ್ಯಾಪ್ ತಿರುಗಿಸಿದೆ. ಹಳೇ ಕ್ಯಾಪಲ್ಲಿ ರೆಸಿಸ್ಟರ್ ಇದ್ರೆ ಹೊಸದೂ ಅಂಥದ್ದೇ ಇರಬೇಕು. ಖರ್ಚು ಪ್ಲಗ್ಗಿಗೆ ಕೊಟ್ಟಿದ್ದಕ್ಕಿಂತ ಕಡಿಮೆ.

ಇಷ್ಟಕ್ಕೇ ಮುಗೀಲಿಲ್ಲ. ಸೀಟಿನ ಕೆಳಗೆ, ಸೈಡ್ ಕವರ್ ಒಳಗೆ ಇರೋ ಕಪ್ಲರ್‌ಗಳನ್ನ ಬಿಚ್ಚಿದ್ರೆ ಹಿತ್ತಾಳೆ ಪಿನ್ನುಗಳಿಗೆಲ್ಲ ಕಿಲುಬು. ಅಜ್ಜಿಯ ತಾಮ್ರದ ಕೊಡಕ್ಕೆ ಹಿಡಿಯುತ್ತಲ್ಲ, ಅದೇ ಹಸಿರು. ಇಲ್ಲಿ ಇರೋದು 12 ವೋಲ್ಟ್ ಮಾತ್ರ, ಸ್ಪಾರ್ಕ್ ಹಾರೋ ಮಾತಿಲ್ಲ. ಕಿಲುಬು ಇಲ್ಲಿ ದಾರಿಯನ್ನೇ ಇಕ್ಕಟ್ಟು ಮಾಡುತ್ತೆ. ಜಾಯಿಂಟಿನಲ್ಲಿ 2 ಓಮ್ ರೆಸಿಸ್ಟೆನ್ಸ್ ಇದೆ, 2 ಆಂಪಿಯರ್ ಹರೀತಿದೆ ಅಂದುಕೊಳ್ಳಿ. 4 ವೋಲ್ಟ್ ಅಲ್ಲೇ ಹೋಯ್ತು, ಮುಂದಕ್ಕೆ ಉಳಿದದ್ದು 8. ಫಸ್ಟ್ ಇಯರ್ ಓಮ್ಸ್ ಲಾ! ಲ್ಯಾಬಲ್ಲಿ ಬೋರ್ ಆಗ್ತಿದ್ದ ಲೆಕ್ಕ ಅಪ್ಪನ ಬೈಕಲ್ಲಿ ಕೂತಿತ್ತು. ಇಲ್ಲಿ ಮಲ್ಟಿಮೀಟರ್ ಮೋಸ ಮಾಡಬಹುದು. ಕಪ್ಲರ್ ಬಿಚ್ಚಿಟ್ಟು ಅಳೆದ್ರೆ ಕರೆಂಟೇ ಹರಿಯಲ್ಲ, ಹಾಗಾಗಿ ವೋಲ್ಟೇಜೂ ಇಳಿಯಲ್ಲ, ಮೀಟರ್ 12 ಅನ್ನುತ್ತೆ. ಕಪ್ಲರ್ ಜೋಡಿಸಿ, ಆ ಲೈನಿನ ಹಾರನ್ನೋ ಲೈಟೋ ಆನ್ ಇಟ್ಟು, ಜಾಯಿಂಟಿನ ಎರಡೂ ಕಡೆಗೆ ಮೀಟರ್ ಹಿಡಿದು ನೋಡಬೇಕು.

ಇಷ್ಟು ಕಿಲುಬು ಎಲ್ಲಿಂದ ಬಂತು ಅಂತ ನೋಡಿದ್ರೆ ಸೀಟಿನ ಕೆಳಗೆ ಬಿಳಿ ಪುಡಿ. ಯೂರಿಯಾ! ಗೊಬ್ಬರದ ಪುಡಿ ಗಾಳಿಯ ತೇವವನ್ನ ಎಳೆದುಕೊಳ್ಳುತ್ತೆ, ಅದರಿಂದ ಬರೋ ಅಮೋನಿಯಾ ತಾಮ್ರ, ಹಿತ್ತಾಳೆಯನ್ನ ತಿನ್ನುತ್ತೆ. ಹಾವೇರಿ ಜಿಲ್ಲೆಯಲ್ಲಿ ಚೀಲ ಹೊರದ ಬೈಕು ಎಷ್ಟಿದ್ದಾವು ಹೇಳಿ?

ಬ್ಯಾಟರಿ ಬಿಚ್ಚಿಟ್ಟು, ಹಳೇ ಟೂತ್‌ಬ್ರಷ್ ಮತ್ತು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಪಿನ್ ತಿಕ್ಕಿದೆ. ಅಜ್ಜಿ ಹುಣಸೆಹಣ್ಣು ಕೊಡೋಕೆ ಬಂದ್ರು, ಬೇಡ ಅಂದೆ. ಹುಳಿ ಕಿಲುಬು ತೆಗೆಯುತ್ತೆ ನಿಜ, ಆದ್ರೆ ಕೊಡದ ಥರ ಕಪ್ಲರನ್ನ ತೊಳೆಯೋಕಾಗಲ್ಲ, ಒಳಗೆ ಉಳಿದ ಹುಳಿ ಮತ್ತೆ ತಿನ್ನುತ್ತೆ. ಎಲ್ಲರೂ ಹೊಡೆಯೋ ಡಬ್ಲ್ಯೂಡಿ-40ರ ಹೆಸರಿನ ಅರ್ಥವೇ ನೀರು ಹೊರದಬ್ಬೋದು, 40ನೇ ಪ್ರಯತ್ನದಲ್ಲಿ ಸಿಕ್ಕ ಫಾರ್ಮುಲಾ ಅಂತ 40. 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಒದ್ದೆ ಓಡಿಸೋಕೆ ಒಳ್ಳೇದು, ವರ್ಷಗಟ್ಟಲೆ ಕಾಯೋಕಲ್ಲ. ಅದಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ ಇದೆ. ಅದು ಇನ್ಸುಲೇಟರ್, ಆದ್ರೂ ಅಡ್ಡಿಯಾಗಲ್ಲ: ಪಿನ್ ಬಿಗಿಯಾಗಿ ಕೂತಾಗ ಲೋಹಕ್ಕೆ ಲೋಹ ತಾಗೋ ಕಡೆ ಗ್ರೀಸ್ ಸರಿದುಹೋಗುತ್ತೆ, ಸುತ್ತಲಿನ ಸಂದಿಯಲ್ಲಿ ಉಳಿದು ನೀರು ತಡೆಯುತ್ತೆ.

ಮಳೆಯಲ್ಲಿ ನಿಂತುಬಿಟ್ರೆ ಮೊದಲು ಬೈಕನ್ನ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ. ಒಣ ಬಟ್ಟೆಯಿಂದ ಕ್ಯಾಪಿನ ಒಳಗೆ ಹೊರಗೆ ಒರೆಸಿ, ಕಿಲ್ ಸ್ವಿಚ್ಚನ್ನ ಹತ್ತು ಸಲ ಆನ್ ಆಫ್ ಮಾಡಿ. ಕೆಲವು ಬೈಕಲ್ಲಿ ಆ ಸ್ವಿಚ್ ಸ್ಪಾರ್ಕನ್ನ ಅರ್ಥ್ ಮಾಡಿಯೇ ಇಂಜಿನ್ ನಿಲ್ಲಿಸೋದು, ಒಳಗೆ ನೀರು ಹೋದ್ರೆ ಅದು ತಾನಾಗೇ ಆಫ್ ಮಾಡಿದಂತೆ. ಆದ್ರೆ ಅಂಡರ್‌ಪಾಸ್ ನೀರಲ್ಲಿ ಏರ್ ಫಿಲ್ಟರ್‌ವರೆಗೆ ಮುಳುಗಿದ್ರೆ ಕಿಕ್ಕೂ ಬೇಡ, ಸೆಲ್ಫೂ ಬೇಡ. ನೀರನ್ನ ಗಾಳಿಯಂತೆ ಒತ್ತೋಕಾಗಲ್ಲ, ಒತ್ತಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. 2020ರ ಏಪ್ರಿಲ್ ನಂತರದ ಬಿಎಸ್6 ಬೈಕುಗಳಲ್ಲಿ ಸೆನ್ಸರ್ ಜಾಸ್ತಿ, ಕಪ್ಲರೂ ಜಾಸ್ತಿ. ರಬ್ಬರ್ ಸೀಲ್ ಇದೆ ಅಂತ ವಾಟರ್ ವಾಶ್‌ನವರು ಪ್ರೆಶರ್ ಪೈಪನ್ನ ಸೀದಾ ಅಲ್ಲಿಗೇ ಹಿಡಿದ್ರೆ ಸೀಲ್ ದಾಟಿ ನೀರು ಹೋಗಬಹುದು.

ನಮ್ಮನೆ ಬೈಕಲ್ಲಿ ಸಿಡಿಐ ಇನ್ನೂ ಹಳೇದೇ. ಅಪ್ಪ ಈಗ ಯೂರಿಯಾ ಚೀಲ ಇಡೋ ಮುಂಚೆ ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸ್ತಾರೆ.