ಮೂಲ ಮತ್ತು ಪ್ರತಿ: ಬಂಗಾರಪೇಟೆ – ಕೆ.ಜಿ.ಎಫ್. ಭೂದಾಖಲೆಗಳ ನಿದರ್ಶನದಿಂದ ಪ್ರತಿರೂಪಣದ ಆರಂಭಕ್ರಮದ ವಿವೇಚನೆ

ಒಂದೇ ದಾಖಲೆಯನ್ನು ಎರಡು ಸ್ಥಳಗಳಲ್ಲಿ ಇರಿಸುವುದು ನಮ್ಮ ನಾಡಿಗೆ ಹೊಸ ಕಲ್ಪನೆಯಲ್ಲ. ಶಾನುಭೋಗರ ಕಾಲದಲ್ಲಿಯೂ ಗ್ರಾಮದ ಲೆಕ್ಕ ಗ್ರಾಮದಲ್ಲಿದ್ದು, ಅದಕ್ಕೆ ಸಂವಾದಿಯಾದ ಲೆಕ್ಕವು ತಾಲ್ಲೂಕು ಕಚೇರಿಯಲ್ಲಿರುತ್ತಿತ್ತು. ಜಮಾಬಂದಿಯ ಕಾಲದಲ್ಲಿ ಇವುಗಳನ್ನು ತಾಳೆ ನೋಡುತ್ತಿದ್ದರು. ಗಣಕಯಂತ್ರವು ಬಂದ ಮೇಲೆ ಈ ತಾಳೆಯು ವರ್ಷಕ್ಕೊಮ್ಮೆ ಆದರೆ ಸಾಲದು, ಕ್ಷಣಕ್ಷಣಕ್ಕೂ ಆಗಬೇಕಾಗಿದೆ. ಮೂಲಗಣಕದಲ್ಲಿ ಆದ ಬದಲಾವಣೆಯನ್ನು ಕ್ರಮ ತಪ್ಪದಂತೆ ಲಕ್ಷ್ಯಗಣಕದಲ್ಲಿಯೂ ಮೂಡಿಸುವ ಕಾರ್ಯಕ್ಕೆ ಪ್ರತಿರೂಪಣವೆಂದು ಹೆಸರು. ಈ ಕಾರ್ಯವು ನಡೆಯುತ್ತಿರುವಾಗ ತೊಡಕು ಕಡಮೆ. ಅದನ್ನು ಆರಂಭಿಸುವಾಗಲೇ ತಪ್ಪುಗಳು ಹೆಚ್ಚು. ಆದುದರಿಂದ ಪ್ರಸ್ತುತ ಲೇಖನದಲ್ಲಿ ಆರಂಭಕ್ರಮವೊಂದನ್ನೇ ಪ್ರಧಾನವಾಗಿಟ್ಟುಕೊಂಡು ವಿವೇಚಿಸಿದ್ದೇವೆ.

ನಿದರ್ಶನಕ್ಕಾಗಿ ಕೋಲಾರ ಜಿಲ್ಲೆಯ ಭೂದಾಖಲೆಗಳನ್ನು ಆರಿಸಿಕೊಂಡಿದ್ದೇವೆ. ಕೋಲಾರದ ಚಿನ್ನದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಹೆಚ್ಚುಕಡಮೆ ಅದೇ ಕಾಲದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ರಾಜ್ಯದ ೧೭೭ ತಾಲ್ಲೂಕುಗಳಿಗೂ ಹಬ್ಬುತ್ತಿತ್ತು. ಸುಮಾರು ೯,೦೦೦ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು ೨ ಕೋಟಿ ಪಹಣಿಗಳು ಗಣಕಗಳಿಗೆ ಏರಿದವು. ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಗೂ ತನ್ನದೇ ಆದ ದತ್ತಸಂಚಯ, ಅಂದರೆ ಡೇಟಾಬೇಸ್, ಇದ್ದಿತು. ಮುಂದೆ ಹೋಬಳಿ ಮಟ್ಟದಲ್ಲಿಯೂ ಪಹಣಿಯನ್ನು ಕೊಡಬೇಕೆಂದಾಗ, ತಾಲ್ಲೂಕಿನ ದತ್ತಾಂಶವು ಬೆಂಗಳೂರಿನ ಕೇಂದ್ರ ಸಂಚಯವನ್ನೂ ಸೇರುವುದು ಅವಶ್ಯಕವಾಯಿತು. ಇಲ್ಲಿ ತಾಲ್ಲೂಕು ಮೂಲ, ಕೇಂದ್ರ ಲಕ್ಷ್ಯ.

ಪ್ರತಿಯು ಹಿಂದುಳಿದರೆ ಆಗುವ ಹಾನಿಯೇನೆಂಬುದನ್ನು ಒಂದು ಕಲ್ಪಿತ ಪ್ರಸಂಗದಿಂದ ನೋಡೋಣ. ಬೂದಿಕೋಟೆ ಹೋಬಳಿಯ ಒಬ್ಬ ರೈತನು ತನ್ನ ಎರಡು ಎಕರೆ ಜಮೀನಿನ ಮೇಲೆ ಬೆಳಿಗ್ಗೆ ಸಾಲ ಪಡೆಯುತ್ತಾನೆ. ಆ ಋಣವು ಪಹಣಿಯ ಹನ್ನೊಂದನೆಯ ಅಂಕಣದಲ್ಲಿ ದಾಖಲಾಗುತ್ತದೆ. ಪ್ರತಿರೂಪಣವು ನಿಂತಿದೆಯೆಂಬುದು ಯಾರಿಗೂ ತಿಳಿದಿಲ್ಲ. ಮಧ್ಯಾಹ್ನ ಅದೇ ಜಮೀನನ್ನು ಕೊಳ್ಳಲು ಬಂದವನು ಕೇಂದ್ರದ ಪ್ರತಿಯಿಂದ ಪಹಣಿ ಪಡೆದು, ಋಣವಿಲ್ಲವೆಂದು ನಂಬಿ ಮುಂಗಡ ಹಣ ಕೊಡುತ್ತಾನೆ. ಪಹಣಿಯಲ್ಲಿ ಮುದ್ರೆಯೂ ಇದೆ, ದಿನಾಂಕವೂ ಇದೆ; ಸತ್ಯವು ಮಾತ್ರ ಇಲ್ಲ. ಇಂಥ ನಷ್ಟವನ್ನು ತಡೆಯುವುದೇ ಈ ಶಾಸ್ತ್ರದ ಪ್ರಯೋಜನ.

ಇನ್ನು ಕಾರ್ಯವಿಧಾನವನ್ನು ನೋಡೋಣ. ನಮ್ಮ ವರ್ತಕರು ಕಿರ್ದಿ ಮತ್ತು ಖಾತೆ ಎಂಬ ಎರಡು ಪುಸ್ತಕಗಳನ್ನು ಇಡುತ್ತಾರಷ್ಟೆ. ಕಿರ್ದಿಯಲ್ಲಿ ವ್ಯವಹಾರಗಳು ನಡೆದ ಕ್ರಮದಲ್ಲಿ ಬರುತ್ತವೆ. ಖಾತೆಯಲ್ಲಿ ಅವುಗಳ ಫಲಿತವಾದ ಸ್ಥಿತಿ ಇರುತ್ತದೆ. ದತ್ತಸಂಚಯದಲ್ಲಿಯೂ ಹೀಗೆಯೇ. ಅದರ ಕೋಷ್ಟಕಗಳು ಖಾತೆಯಂತೆ. ಪ್ರತಿಯೊಂದು ಬದಲಾವಣೆಯನ್ನೂ ಕ್ರಮಸಂಖ್ಯೆಯೊಡನೆ ಬರೆದಿಡುವ ಕಡತವು ಕಿರ್ದಿಯಂತೆ. ಪ್ರತಿರೂಪಣದಲ್ಲಿ ಖಾತೆಯನ್ನು ಮತ್ತೆ ಮತ್ತೆ ಸಾಗಿಸುವುದಿಲ್ಲ. ಕಿರ್ದಿಯ ಹೊಸ ನಮೂದುಗಳನ್ನು ಮಾತ್ರ ಸಾಗಿಸಿ, ಅವನ್ನು ಲಕ್ಷ್ಯದ ಖಾತೆಗೆ ಹಚ್ಚುತ್ತಾರೆ. ಇದರಲ್ಲಿ ಮೂರು ಅಂಗಗಳಿವೆ: ಮೂಲದಲ್ಲಿ ಕಿರ್ದಿಯನ್ನು ಓದಿ ಕಳುಹಿಸುವುದು, ಲಕ್ಷ್ಯದಲ್ಲಿ ಅದನ್ನು ಪಡೆದು ಕಾದಿರಿಸುವುದು, ಕ್ರಮಸಂಖ್ಯೆಯನ್ನು ಅನುಸರಿಸಿ ಅದನ್ನು ಅನ್ವಯಿಸುವುದು.

ಆದರೆ ಗಣಕದಲ್ಲಿ ಇರುವುದೆಲ್ಲವೂ ಕೋಷ್ಟಕದ ಸಾಲುಗಳಲ್ಲ. ಕೋಷ್ಟಕದ ರಚನೆ, ಪಹಣಿಯನ್ನು ಮುದ್ರಿಸುವ ಕ್ರಮವಿಧಿ, ಯಾವ ಅಧಿಕಾರಿಗೆ ಯಾವ ಅಧಿಕಾರವೆಂಬ ಪಟ್ಟಿ, ಹಳೆಯ ಕಾಗದಗಳ ಛಾಯಾಪ್ರತಿ ಇವೆಲ್ಲವೂ ಸಾಗಬೇಕು. ಇವುಗಳನ್ನು ‘ವಸ್ತು’ಗಳೆಂದು ಕರೆಯೋಣ. ಐ.ಬಿ.ಎಂ. ಸಂಸ್ಥೆಯು ೧೯೮೮ರಲ್ಲಿ ಹೊರತಂದ ಎ.ಎಸ್./೪೦೦ ಗಣಕದಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸಾಲುಗಳ ಬದಲಾವಣೆಗೆ ಒಂದು ಕಿರ್ದಿ, ವಸ್ತುಗಳ ಸೃಷ್ಟಿ, ಸ್ಥಾನಾಂತರ, ನಾಶ ಮೊದಲಾದವುಗಳಿಗೆ ಮತ್ತೊಂದು ಕಿರ್ದಿ. ವಸ್ತುವಿನ ವಿಷಯದಲ್ಲಿ ಕಿರ್ದಿಯು ‘ಇದು ಬದಲಾಯಿತು’ ಎಂದು ತಿಳಿಸುವುದೇ ಹೆಚ್ಚು. ವಸ್ತುವನ್ನು ಆಗ ಇಡಿಯಾಗಿ ಕಟ್ಟಿ ಕಳುಹಿಸಬೇಕಾಗುತ್ತದೆ. ಗಣಿಯ ಲೆಕ್ಕಕ್ಕೂ ನಕ್ಷೆಗೂ ಇರುವ ಅಂತರವೇ ಇದು. ಅದಿರಿನ ಲೆಕ್ಕಕ್ಕೆ ದಿನಕ್ಕೊಂದು ಸಾಲು ಸೇರಿಸಬಹುದು. ಭೂಗರ್ಭದ ನಕ್ಷೆ ತಿದ್ದುಪಡಿಯಾದರೆ ಹೊಸ ಹಾಳೆಯನ್ನೇ ಕೊಡಬೇಕು.

ಎರಡು ಪ್ರವಾಹಗಳು ಬೇರೆಬೇರೆಯಾಗಿ ಹರಿದರೂ ಅವು ಪರಸ್ಪರ ನಿರಪೇಕ್ಷವಲ್ಲ. ಪಹಣಿಯ ಕೋಷ್ಟಕಕ್ಕೆ ಹೊಸ ಅಂಕಣವೊಂದು ಸೇರಿತೆನ್ನೋಣ. ಆ ರಚನೆಯು ಲಕ್ಷ್ಯಕ್ಕೆ ತಲುಪುವ ಮೊದಲೇ ಹೊಸ ಅಂಕಣವುಳ್ಳ ಸಾಲುಗಳು ತಲುಪಿದರೆ ಅವನ್ನು ಇರಿಸಲು ಸ್ಥಳವಿರುವುದಿಲ್ಲ, ಅನ್ವಯವು ನಿಂತುಹೋಗುತ್ತದೆ. ಆದುದರಿಂದ ಆರಂಭದಲ್ಲಿ ವಸ್ತುಗಳ ಸ್ಥಿತಿ ಎರಡು ಕಡೆಯೂ ಒಂದೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಸಾಲುಗಳ ಪ್ರವಾಹವನ್ನು ಬಿಡತಕ್ಕದ್ದು.

ಮೊದಲ ಬಾರಿಯ ಆರಂಭದಲ್ಲಿ ಅತಿ ಮುಖ್ಯವಾದುದು ಆರಂಭಬಿಂದುವಿನ ನಿರ್ಣಯ. ಮೂಲದಲ್ಲಿ ಮೊದಲು ಕಿರ್ದಿ ಬರೆಯುವುದನ್ನು ಪ್ರಾರಂಭಿಸಬೇಕು; ಅನಂತರ ಖಾತೆಯ ಸಂಪೂರ್ಣ ನಕಲನ್ನು ತೆಗೆಯಬೇಕು. ನಕಲು ಆರಂಭಿಸಿದಾಗ ಕಿರ್ದಿಯ ಕೊನೆಯ ಸಂಖ್ಯೆ ೫,೦೦೦ ಇದ್ದು, ಮುಗಿಯುವ ವೇಳೆಗೆ ೫,೧೨೦ ಆಯಿತೆನ್ನೋಣ. ಅನ್ವಯವನ್ನು ಯಾವ ನಮೂದಿನಿಂದ ತೊಡಗಬೇಕು? ೫,೧೨೧ ಎಂದು ಹೇಳಲು ಮನಸ್ಸು ಹೋಗುವುದು ಸಹಜ. ಆದರೆ ಅದು ತಪ್ಪು. ನಕಲು ಮಾಡಿ ಮುಗಿಸಿದ ಸಾಲೊಂದು ೫,೦೬೦ನೆಯ ನಮೂದಿನಿಂದ ಬದಲಾಗಿದ್ದರೆ, ಆ ಬದಲಾವಣೆ ನಕಲಿನಲ್ಲಿಯೂ ಇಲ್ಲ, ಮುಂದಿನ ನಮೂದುಗಳಲ್ಲಿಯೂ ಇಲ್ಲ. ಅದು ಶಾಶ್ವತವಾಗಿ ಕಳೆದುಹೋಯಿತು. ಆದುದರಿಂದ ೫,೦೦೧ರಿಂದಲೇ ತೊಡಗಬೇಕು. ಆಗ ಕೆಲವು ಬದಲಾವಣೆಗಳು ನಕಲಿನಲ್ಲಿ ಆಗಲೇ ಸೇರಿದ್ದು, ಎರಡನೆಯ ಸಲ ಬರುತ್ತವೆ. ‘ಮಾಲೀಕನ ಹೆಸರು ಇಂಥದು’ ಎಂಬ ನಮೂದನ್ನು ಎರಡು ಸಲ ಅನ್ವಯಿಸಿದರೆ ದೋಷವಿಲ್ಲ. ‘ಹೊಸ ಸಾಲನ್ನು ಸೇರಿಸು’ ಎಂಬುದನ್ನು ಎರಡು ಸಲ ಅನ್ವಯಿಸಿದರೆ ದೋಷವಾಗುತ್ತದೆ. ಇಂಥ ಪುನರುಕ್ತಿಯನ್ನು ಗುರುತಿಸುವ ಏರ್ಪಾಡು ಇರಬೇಕು. ಇಲ್ಲವೆ ೫,೦೦೦ನೆಯ ನಮೂದಿನ ಕ್ಷಣದ ಸ್ಥಿರಚಿತ್ರವನ್ನೇ ನಕಲು ಮಾಡಬೇಕು.

ಅಂಗಗಳನ್ನು ಚಾಲನೆಗೊಳಿಸುವಾಗ ಎರಡು ತುದಿಗಳೂ ಸಿದ್ಧವಾಗಿರಬೇಕು. ೩ ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದಿದ್ದ ಚಾಂಪಿಯನ್ ರೀಫಿನಂತಹ ಗಣಿಗಳಲ್ಲಿ ಕೆಳಗಿನ ಗಂಟೆಯ ಸಂಜ್ಞೆಯಿಲ್ಲದೆ ಕೇಜನ್ನು ಎತ್ತುವಂತಿರಲಿಲ್ಲ. ಇಲ್ಲಿಯೂ ಲಕ್ಷ್ಯವು ‘ನಾನು ಇಂಥ ಸಂಖ್ಯೆಯವರೆಗೆ ಅನ್ವಯಿಸಿದ್ದೇನೆ’ ಎಂದು ತಿಳಿಸಿದ ಮೇಲೆಯೇ ಮೂಲವು ಮುಂದಿನದನ್ನು ಕಳುಹಿಸಬೇಕು. ವಿದ್ಯುತ್ತು ನಿಂತೋ ತಂತಿ ಕಡಿದೋ ಕಾರ್ಯವು ಸ್ಥಗಿತವಾದಾಗ ಪುನರಾರಂಭದ ಬಿಂದುವೂ ಇದೇ: ಕಳುಹಿಸಿದ ಕೊನೆಯ ಸಂಖ್ಯೆಯಲ್ಲ, ಅನ್ವಯಿಸಿದ ಕೊನೆಯ ಸಂಖ್ಯೆ. ಬಾಕಿ ನಮೂದುಗಳನ್ನು ಅಳಿಸಿ ಹೊಸದಾಗಿ ತೊಡಗುವ ಸೌಲಭ್ಯವೂ ಉಂಟು. ಸಂಪೂರ್ಣ ನಕಲನ್ನು ಮತ್ತೆ ತೆಗೆದಿದ್ದರೆ ಮಾತ್ರ ಅದು ಯುಕ್ತ. ಇಲ್ಲವಾದರೆ ಮೇಲ್ಕಂಡ ರೈತನ ಋಣವೂ ಆ ಬಾಕಿಯೊಡನೆ ಅಳಿಸಿಹೋಗುವುದು. ಅಂತೆಯೇ, ಲಕ್ಷ್ಯವು ಅನ್ವಯಿಸುವ ಮೊದಲು ಮೂಲದ ಹಳೆಯ ಕಿರ್ದಿಗಳನ್ನು ನಾಶಪಡಿಸಕೂಡದು.

ಇನ್ನೊಂದು ನಿಯಮವು ದಿಕ್ಕಿಗೆ ಸಂಬಂಧಿಸಿದುದು. ಒಂದು ಸಾಲಿಗೆ ಒಂದು ಕಾಲದಲ್ಲಿ ಒಂದೇ ಮೂಲವಿರಬೇಕು. ಹಿಂದೆ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿದ್ದ ಕೆ.ಜಿ.ಎಫ್., ಬೇತಮಂಗಲ, ಕ್ಯಾಸಂಬಳ್ಳಿಗಳ ಪ್ರದೇಶವು ೨೦೧೮ರ ವೇಳೆಗೆ ಪ್ರತ್ಯೇಕ ತಾಲ್ಲೂಕಾಯಿತು. ಇಂಥ ವಿಭಜನೆಯು ಆಡಳಿತದಲ್ಲಿ ಒಂದು ಆಜ್ಞೆಯಿಂದ ಆಗಬಹುದು. ದತ್ತಸಂಚಯದಲ್ಲಿ ಅದಕ್ಕೆ ಒಂದು ಕ್ಷಣವನ್ನು ಗೊತ್ತುಮಾಡಬೇಕು. ಆ ಕ್ಷಣದವರೆಗೆ ಕ್ಯಾಸಂಬಳ್ಳಿಯ ಸಾಲುಗಳಿಗೆ ಹಳೆಯ ತಾಲ್ಲೂಕು ಮೂಲ. ಅಲ್ಲಿ ಬರವಣಿಗೆಯನ್ನು ನಿಲ್ಲಿಸಿ, ಬಾಕಿ ನಮೂದುಗಳೆಲ್ಲ ಅನ್ವಯವಾದುದನ್ನು ಕಂಡುಕೊಂಡು, ಬಳಿಕ ಹೊಸ ತಾಲ್ಲೂಕನ್ನು ಮೂಲವೆಂದು ಘೋಷಿಸಬೇಕು. ಆಕ್ಷೇಪಣೆಯ ಅವಧಿಯಲ್ಲಿರುವ ಖಾತೆ ಬದಲಾವಣೆಯ ಅರ್ಜಿಗಳೂ ಸಾಲುಗಳೊಡನೆ ಹೋಗಬೇಕು. ಎರಡು ಕಚೇರಿಗಳೂ ಒಂದೇ ಸಾಲನ್ನು ತಿದ್ದಿದರೆ ಯಾವುದು ಸರಿಯೆಂದು ಗಣಕವು ಹೇಳಲಾರದು. ಅದು ನ್ಯಾಯಾಲಯದ ಪ್ರಶ್ನೆಯಾಗುವುದು.

ಕೊನೆಯದು ತಾಳೆ. ಎರಡು ಕಡೆಯ ಸಾಲುಗಳನ್ನು ಎಣಿಸುವುದು ಮೊದಲ ಮೆಟ್ಟಿಲು. ಎಕರೆ ಗುಂಟೆಗಳ ಮೊತ್ತವನ್ನು ಹೋಲಿಸುವುದು ಎರಡನೆಯದು. ಇಬ್ಬರು ಮಾಲೀಕರ ಹೆಸರು ಅದಲುಬದಲಾದರೆ ಇವೆರಡೂ ಸರಿಯಾಗಿಯೇ ಕಾಣುತ್ತವೆ. ಆದುದರಿಂದ ಪ್ರತಿ ಸಾಲಿನ ಸಮಸ್ತ ಅಕ್ಷರಗಳಿಂದ ಒಂದು ಸಂಕೇತಸಂಖ್ಯೆಯನ್ನು ಗಣಿಸಿ ಎರಡು ಕಡೆಯವನ್ನೂ ಹೋಲಿಸುವುದು ಉತ್ತಮ. ಇದು ಗಣಕಯುಗದ ಜಮಾಬಂದಿ.

ಒಂದು ಎಚ್ಚರಿಕೆಯೊಡನೆ ಮುಗಿಸುತ್ತೇವೆ. ಪ್ರತಿರೂಪಣವು ನಿಷ್ಠೆಯುಳ್ಳದ್ದು, ವಿವೇಕವುಳ್ಳದ್ದಲ್ಲ. ಮೂಲದಲ್ಲಿ ತಪ್ಪಾಗಿ ಅಳಿಸಿದ ಸಾಲನ್ನು ಅದು ಲಕ್ಷ್ಯದಲ್ಲಿಯೂ ತಪ್ಪದೆ ಅಳಿಸುತ್ತದೆ. ಹಳೆಯ ಕೈಬರಹದಿಂದ ಬಂದ ದೋಷವನ್ನು ಎರಡಾಗಿ ಮಾಡುತ್ತದೆ. ಆದುದರಿಂದ ಕಾಲಕಾಲಕ್ಕೆ ತೆಗೆದು ಬೇರೆಯಾಗಿಡುವ ಸಂರಕ್ಷಿತ ನಕಲಿಗೆ ಇದು ಬದಲಿಯಾಗಲಾರದು. ಮೂಲವನ್ನು ಶುದ್ಧವಾಗಿಡುವ ಹೊಣೆಯು ಇಂದಿಗೂ ಬರೆಯುವವನ ಮೇಲೆಯೇ ಇದೆ.